ಮಗ್ಗದ ಸದ್ದು ಅಳಿಸಿದ ಗುಂಡಿ

ಅಪ್ಪಾಜಿ,

ನೀವಿದ್ದಿದ್ದರೆ ಇದನ್ನು ನಂಬುತ್ತಿರಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಡಿಸಿದ ನಿಮ್ಮ ಮೊಮ್ಮಗಳು ಇಂದು ಮಧ್ಯಾಹ್ನ ಮಲಗಿದಳು. ನಾನು ಕಂಪ್ಯೂಟರಿಗೆ ಮೈಕು ಜೋಡಿಸಿ, ಗೇಮ್ ಆಡುವುದನ್ನು ಮೊದಲ ಸಲ ಲೈವ್ ಬಿಟ್ಟೆ. ಪಕ್ಕದ ಕೋಣೆಯಲ್ಲಿ ನಿಮ್ಮ ನಾಲ್ಕೂ ಪವರ್‌ಲೂಮ್ ಓಡುತ್ತಿದ್ದವು. ನೋಡುವವರಿಗೆ ಕೇಳಿಸದೆಂದು ಕೂಗಿ ಕೂಗಿ ಮಾತಾಡಿದೆ.

ಲೈವ್ ನೋಡುತ್ತಿದ್ದ ಯಾರೋ ಹುಡುಗಿ ಚಾಟ್‌ನಲ್ಲಿ ಬರೆದಳು: "ಅಕ್ಕಾ, ಯಾರ ಮೇಲೆ ಇಷ್ಟು ಸಿಟ್ಟು?"

"ಸಿಟ್ಟಲ್ಲಮ್ಮ, ಮಗ್ಗದ ಸದ್ದು!" ಎಂದೆ.

"ಯಾವ ಮಗ್ಗ? ನೀವು ಕಿರುಚೋದು ಬಿಟ್ರೆ ಏನೂ ಕೇಳಿಸ್ತಿಲ್ಲ ಕಣಕ್ಕಾ!"

ಆಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದೆ. ಹಿನ್ನೆಲೆ ಸದ್ದು ತಡೆಯುತ್ತದಂತೆ ಎಂದು, ನಂಬಿಕೆಯಿಲ್ಲದೆಯೇ ನಾನು ಒತ್ತಿದ್ದ ಒಂದು ಗುಂಡಿ ನಾಲ್ಕೂ ಮಗ್ಗಗಳನ್ನು ಅಳಿಸಿಬಿಟ್ಟಿತ್ತು. ಹುಟ್ಟಿದಾಗಿನಿಂದ ಈ ಮನೆ ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅದರ ನಡುವೆ ಕೂಗುತ್ತಿದ್ದ ಧ್ವನಿ ನನ್ನದೆನಿಸಲಿಲ್ಲ ಅಪ್ಪಾಜಿ, ನಿಮ್ಮದೇ ಅನಿಸಿತು.

ಹಾಸ್ಟೆಲ್ಲಿಗೆ ನೀವು ಓಡುವ ಮಗ್ಗಗಳ ಪಕ್ಕದಿಂದ ಫೋನ್ ಮಾಡಿದಾಗಲೆಲ್ಲ ಗೆಳತಿಯರು, "ನಿಮ್ಮಪ್ಪ ಯಾವಾಗ್ಲೂ ಬೈತಾರಲ್ಲೇ?" ಎನ್ನುತ್ತಿದ್ದರು. "ಅವರು ಹಂಗೇ" ಎಂದು ನಾನು ಫೋನ್ ಇಟ್ಟುಬಿಡುತ್ತಿದ್ದೆ. ನೀವು ಕೂಗಿ ಕೇಳುತ್ತಿದ್ದದ್ದು ಊಟ ಆಯಿತಾ ಎಂದಷ್ಟೇ.

ಆಯ್ತು ಅಪ್ಪಾಜಿ. ಈಗಷ್ಟೇ ಉಂಡೆ.