ಪಾಸಿಟಿವ್ ಅಂದರೆ ಒಳ್ಳೆಯದು

ಹ್ಯಾಝರ್ಡ್, ಕೆಂಟಕಿ
14 ನವೆಂಬರ್ 2009

ಟ್ವೈಲಾ,

ಮಕ್ಕಳೊಂದಿಗೆ ಕ್ಷೇಮವಾಗಿದ್ದೀಯೆಂದು ತಿಳಿದಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಇವತ್ತೂ ಬಂದರೆ ಬರಲಿ.

ನನ್ನ ಗಂಡ ಹಾರ್ಲನ್‌ನನ್ನು ಮಣ್ಣು ಮಾಡಿ ಬಂದ ದಿನ, ಚರ್ಚಿನ ಊಟದ ಮೇಜಿನಲ್ಲಿ, ನನ್ನ ಅತ್ತೆಯ ಎದುರಿಗೇ ನೀನು ಅಂದೆ: "ಇಷ್ಟು ಸಣ್ಣ ಮಾತೂ ನಿಮ್ಮಿಬ್ರಿಗೂ ಅರ್ಥ ಆಗ್ಲಿಲ್ವೇನಕ್ಕ? ಆಸ್ಪತ್ರೆಯವರು ಹೇಳಿದ್ರಲ್ಲ!"

ಹೇಳಿದರು. ಹೇಗೆ ಹೇಳಿದರು ಅಂತ ಕೇಳು. ಫೋನಿನಲ್ಲಿ ಒಬ್ಬ ಹುಡುಗಿ, "ನಿಮ್ಮ ಶ್ವಾಸಕೋಶದ ಬಯಾಪ್ಸಿ ಪಾಸಿಟಿವ್ ಬಂದಿದೆ, ಡಾಕ್ಟರನ್ನ ಕಾಣೋಕೆ ದಿನ ಗೊತ್ತು ಮಾಡ್ಕೊಳ್ಳಿ" ಅಂದಳು. ಹಾರ್ಲನ್ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಕಲ್ಲಿದ್ದಲ ಗಣಿಗೆ ಇಳಿದವನು. ಪಾದ್ರಿಗಳು ಪ್ರತಿ ಭಾನುವಾರ "ಪಾಸಿಟಿವ್ ಆಗಿರಿ" ಅನ್ನುವುದನ್ನು ಕೇಳಿದವನು. ನನ್ನ ಸೊಂಟ ಹಿಡಿದು ಅಡುಗೆಮನೆ ತುಂಬ ಕುಣಿಸಿದ. "ಓಪಲ್, ಪಾಸಿಟಿವ್ ಅಂತೆ ಕಣೇ! ನಿನ್ನ ಗಂಡ ಗಟ್ಟಿ ಆಸಾಮಿ!" ನಾನು ಸಿಹಿಗೆಂದು ಬ್ಲ್ಯಾಕ್‌ಬೆರಿ ಪೈ ಮಾಡಿದೆ. ಚೆನ್ನಾಗಿರುವವನು ಮತ್ತೆ ಡಾಕ್ಟರ ಬಾಗಿಲಿಗೆ ಯಾಕೆ ಹೋಗುತ್ತಾನೆ?

ಚಳಿಗಾಲ ಕಳೆಯುವ ಹೊತ್ತಿಗೆ ಕೆಮ್ಮಿದರೆ ರಕ್ತ. ಆಗ ಹೋದೆವು. "ಇಷ್ಟು ದಿನ ಎಲ್ಲಿದ್ರಿ? ಕ್ಯಾನ್ಸರ್ ಅಂತ ಆಗ್ಲೇ ತಿಳಿಸಿದ್ವಲ್ಲ" ಎಂದು ಡಾಕ್ಟರು ರೇಗಿದರು.

"ಆ ಪದ ಯಾರೂ ಅನ್ಲಿಲ್ಲ ಸಾರ್," ಅಂದ ಹಾರ್ಲನ್. ನನ್ನ ಮುಖ ನೋಡಲಿಲ್ಲ; ಟೋಪಿಯ ಅಂಚು ತಿರುವುತ್ತಾ ಕೂತ. ಸಾವಿನ ಭಯಕ್ಕಿಂತ ಪೆದ್ದನಾದೆನೆಂಬ ನಾಚಿಕೆಯೇ ಅವನನ್ನು ತಿಂದುಹಾಕಿತು. ಆ ನಾಚಿಕೆ ಹೊರಿಸಿದವರನ್ನು ನಾನು ಕ್ಷಮಿಸಲಾರೆ.

ಈಗ ಆ ಆಸ್ಪತ್ರೆಯ ಗೋಡೆಗೆ ಹೊಸ ಹಾಳೆ ಅಂಟಿಸಿದ್ದಾರಂತೆ, 'ಅರ್ಥವಾಗದಿದ್ದರೆ ಕೇಳಿ' ಅಂತ. ಅರ್ಥವಾಗಿಲ್ಲವೆಂದು ಗೊತ್ತಾದರೆ ತಾನೇ ಕೇಳುವುದು? ನಮಗೆ ಅರ್ಥವಾಗಿತ್ತು ಕಣೇ. ಪೈ ಮಾಡುವಷ್ಟು ಚೆನ್ನಾಗಿ ಅರ್ಥವಾಗಿತ್ತು.

ಕ್ರಿಸ್‌ಮಸ್ಸಿಗೆ ಬರಬೇಡ. ದೇವರು ನಿನ್ನ ಮಕ್ಕಳನ್ನು ಚೆನ್ನಾಗಿಟ್ಟಿರಲಿ. ನಿನ್ನನ್ನೂ. ಹಾರೈಸದೆ ಕಾಗದ ಮುಗಿಸಲು ಅಮ್ಮ ನನಗೆ ಕಲಿಸಲಿಲ್ಲ.

ನಿನ್ನ ಅಕ್ಕ,
ಓಪಲ್

ಇನ್ನೊಂದು ಮಾತು: ಆ ಸುದ್ದಿ ಬಂದ ಕೂಡಲೇ ಅವನು ಮೊದಲು ಫೋನ್ ಮಾಡಿದ್ದು ನಿನಗೆ. ನಮ್ಮ ಮನೆಯಲ್ಲಿ ನರ್ಸ್ ಕೆಲಸ ಕಲಿತವಳು ನೀನೊಬ್ಬಳೇ ತಾನೆ. "ಬಯಾಪ್ಸಿ ಪಾಸಿಟಿವ್ ಬಂತು ಟ್ವೈಲಾ" ಅಂದ. ನೀನು ಪಕ್ಕದಲ್ಲಿ ಯಾರ ಜೊತೆಗೋ ನಗುತ್ತಾ, "ಹೌದಾ ಭಾವ? ಒಳ್ಳೇದಾಯ್ತು, ಆಮೇಲೆ ಮಾತಾಡ್ತೀನಿ" ಅಂದೆ. ಆಮೇಲೆ ಮಾತಾಡಲಿಲ್ಲ. "ಅವಳಿಗೆ ನೆನಪೇ ಇಲ್ಲ, ಹೇಳ್ಬೇಡ, ಪಾಪ, ಸಂಕಟಪಡ್ತಾಳೆ" ಎಂದು ಸಾಯುವಾಗಲೂ ನನ್ನ ಬಾಯಿ ಕಟ್ಟಿದ. ನಾನು ಅವನಷ್ಟು ಒಳ್ಳೆಯವಳಲ್ಲ.