ಹನ್ನೊಂದು ಜೊತೆ ಬೂಟು

ಶಿಕಾರಿಪುರ
೧೪-೬-೧೯೫೯

ಗೆಳೆಯ ಜಟ್ಟಪ್ಪನಿಗೆ,

ಮಹೇಶ್ವರಪ್ಪನ ನಮಸ್ಕಾರ. ಹೆಸರು ಕಂಡ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ ಮಾರಾಯ. ಹಾಕುವುದಿದ್ದರೂ ಓದಿ ಹಾಕು. ನೀನು ಕಾಲೇಜು ಬಿಟ್ಟು ಒಂಬತ್ತು ತಿಂಗಳಾಯಿತು. ಸೊರಬದ ಬಸ್ಸು ದಿನಾ ನಮ್ಮ ಮನೆ ಮುಂದೆಯೇ ಹೋಗುತ್ತದೆ. ಹತ್ತಿ ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೊಸಬಾಳೆಯಲ್ಲಿ ನಿಮ್ಮ ಮನೆಯಲ್ಲಿರಬಹುದು. ಹತ್ತಲಿಲ್ಲ, ಅಷ್ಟೇ.

ಮೊದಲು ಕೆಲಸದ ಮಾತು. ಡ್ರಿಲ್ ಮಾಸ್ತರು ನಾಗರಾಜಪ್ಪನವರು ನಿನ್ನನ್ನು ವಾಪಸು ಕರೆಯುತ್ತಿದ್ದಾರೆ. ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಒಪ್ಪಿಸಿದ್ದಾರೆ. ಜುಲೈ ಒಂದನೇ ತಾರೀಖಿನೊಳಗೆ ಶಿವಮೊಗ್ಗಕ್ಕೆ ಬಂದು ಹೆಸರು ಬರೆಸಿದರೆ ಬಿಟ್ಟ ತರಗತಿಗೇ ಸೇರಿಸಿಕೊಳ್ಳುತ್ತಾರೆ, ಹಾಸ್ಟೆಲಿನಲ್ಲಿ ಜಾಗವೂ ಇದೆ. ಯೂನಿವರ್ಸಿಟಿ ತಂಡಕ್ಕೆ ಆಟಗಾರರನ್ನು ಆರಿಸುವವರು ಆಗಸ್ಟಿನಲ್ಲಿ ಮತ್ತೆ ಬರುತ್ತಾರೆ. ಒಂದನೇ ತಾರೀಖು ದಾಟಿದರೆ ಮಾತ್ರ ಯಾರು ಹೇಳಿದರೂ ಆಗುವುದಿಲ್ಲವಂತೆ. ತಾವೇ ಬರೆಯಿರಿ ಸಾರ್ ಎಂದೆ. ಅದಕ್ಕೆ ಅವರು, ನೀನು ಅವನ ಕ್ಯಾಪ್ಟನ್ ಅಲ್ವೇನಯ್ಯ, ಸ್ನೇಹಿತ ಬೇರೆ, ನೀನು ಬರೆದ್ರೆ ಓಡಿ ಬರ್ತಾನೆ ಅಂದರು. ನನಗೆ ಅಲ್ಲೇ ಬೆವರು ಕಿತ್ತುಕೊಂಡು ಬಂತು.

ಯಾಕೆ ಎಂದು ಈಗ ಹೇಳುತ್ತೇನೆ.

ಹೋದ ವರ್ಷ ನಾವು ಐದು ಫುಟ್‌ಬಾಲ್ ಪಂದ್ಯ ಆಡಿದೆವು, ಐದೂ ಸೋತೆವು. ದಾವಣಗೆರೆಯಲ್ಲಿ ಮೊದಲನೆಯದು ಮೂರಕ್ಕೆ ಎರಡು. ಆ ಎರಡೂ ಗೋಲು ನಿನ್ನವು, ಕೆಸರಿನಲ್ಲಿ, ಬರಿಗಾಲಿನಲ್ಲಿ. ಯಾರಾದರೂ ಬುದ್ಧಿ ಇದ್ದವನಾಗಿದ್ದರೆ ನಿನ್ನ ಕಾಲು ನೋಡಿ ಖುಷಿಪಡುತ್ತಿದ್ದ. ನಾನು ಎದುರಾಳಿಗಳ ಬೂಟು ನೋಡಿ ಹೊಟ್ಟೆ ಉರಿದುಕೊಂಡೆ. ನಾವು ಸೋತದ್ದಕ್ಕೆ ಬೂಟಿಲ್ಲದ್ದೇ ಕಾರಣ ಎಂದು ಎಲ್ಲರ ತಲೆಗೂ ತುಂಬಿದೆ. ಬೆಂಗಳೂರಿನಲ್ಲಿರುವ ನಮ್ಮ ಮಾವನ ಕೈಕಾಲು ಹಿಡಿದು ಯಾವುದೋ ಕ್ಲಬ್ಬಿನವರು ಬಿಟ್ಟ ಹನ್ನೊಂದು ಜೊತೆ ಹಳೇ ಬೂಟು ತರಿಸಿದೆ. ಗೋಣಿಚೀಲದಲ್ಲಿ ಬಂದವು, ನೆನಪಿದೆಯಾ? ವಾಸನೆಗೆ ಹಾಸ್ಟೆಲಿನ ಅಡುಗೆಯವರು ನಮ್ಮನ್ನು ಹೊರಗೆ ಅಟ್ಟಿದರು.

ಆ ಚೀಲವನ್ನು ನಾನು ರಿಪೇರಿಗೆ ಇಲ್ಲಿಗೆ ತಂದಿದ್ದೆ. ನಮ್ಮ ಪೇಟೆಯ ಮಸ್ತಾನ್ ಸಾಬರು ಎತ್ತಿನ ಕೊರಳಪಟ್ಟಿ, ಕುದುರೆ ಜೀನು ಹೊಲಿಯುವವರು. ಬೂಟು ಅವರಿಗೂ ಹೊಸದು. ಅದಕ್ಕೇ ಎಲ್ಲರ ಪಾದದ ಅಚ್ಚು ತರಲು ಹೇಳಿದ್ದರು. ನೀವೆಲ್ಲ ಒಬ್ಬೊಬ್ಬರಾಗಿ ಹಳೇ ಪತ್ರಿಕೆಯ ಮೇಲೆ ನಿಂತಿರಿ, ನಾನು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಹೆಸರು ಬರೆದೆ. ಮಸ್ತಾನ್ ಸಾಬರು ಒಂದೊಂದೇ ಕಾಗದ ಹಾಸಿ, ಮೇಲೆ ಬೂಟು ಇಟ್ಟು ನೋಡಿ, ಜೊತೆಗಳನ್ನು ಹಂಚಿಟ್ಟರು. ಎಲ್ಲಕ್ಕಿಂತ ದೊಡ್ಡ ಜೊತೆ ಕಂದು ಬಣ್ಣದ್ದು, ಒಂದು ತೇಪೆಯೂ ಇರಲಿಲ್ಲ. ಅದು ನಿನ್ನ ಕಾಗದದ ಮೇಲೆ ಕೂತಿತ್ತು. ನನ್ನ ಕಾಗದದ ಮೇಲೆ ಇದ್ದದ್ದು ಮೂರು ತೇಪೆಯ ಕರೀ ಬೂಟು.

ಕ್ಯಾಪ್ಟನ್ ತೇಪೆ ಬೂಟು ಹಾಕುವುದೇ? ನಾನು ಕಾಗದ ಅದಲುಬದಲು ಮಾಡಿದೆ. ಮಸ್ತಾನ್ ಸಾಬರು ನೋಡಿಬಿಟ್ಟರು. ಮಹೇಶಪ್ಪ, ಇದ್ರಾಗ ನಿನ್ ಕಾಲು ಅಳ್ಳಾಡ್ತದ, ಅದ್ರಾಗ ಆ ಹುಡುಗನ್ ಕಾಲು ಸಾಯ್ತದ ಅಂದರು. ಸ್ವಲ್ಪ ದಿನಕ್ಕೆ ತೊಗಲು ಸಡಿಲ ಬಿಡ್ತದೆ ಬಿಡ್ರೀ ಎಂದು ಹೇಳಿ ಚೀಲ ಕಟ್ಟಿಕೊಂಡು ಬಂದೆ. ಆ ಕಂದು ಬೂಟಿನ ಮುಂಭಾಗಕ್ಕೆ ಹಳೇ ಪಂಚೆಯ ಚೂರು ತುರುಕಿ ನಾಲ್ಕು ಪಂದ್ಯ ಆಡಿದೆ. ನೀನು ನನ್ನ ಬೂಟಿನಲ್ಲಿ ಆಡಿದೆ, ಜಟ್ಟ.

ಆ ನಾಲ್ಕು ಪಂದ್ಯದಲ್ಲಿ ನಮ್ಮದು ಒಂದು ಗೋಲೂ ಇಲ್ಲ. ಕೊನೆಯದು ಮೈಸೂರಿನವರ ಮೇಲೆ. ಯೂನಿವರ್ಸಿಟಿಯವರು ಬಂದಿದ್ದರು, ನಿನ್ನನ್ನೇ ನೋಡಲು ಬಂದಿದ್ದರು. ಆಟಕ್ಕೆ ಮೊದಲು ನೀನು ನನ್ನನ್ನು ಪಕ್ಕಕ್ಕೆ ಕರೆದು, ಮಾರಾಯ, ಇದು ಕಾಲು ಕಚ್ತದೆ, ಇವತ್ತೊಂದಿನ ಬರಿಗಾಲಲ್ಲಿ ಆಡ್ತೇನೆ ಅಂದೆ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ತೋರಿಸಿದೆ. ಬರಿಗಾಲಿನಲ್ಲಿ ಆಡಬಾರದೆಂದು ಯಾರೂ ಹೇಳಿರಲಿಲ್ಲ, ನಾನೊಬ್ಬನೇ ಹೇಳಿದವನು. ಮೈಸೂರಿನವರ ಮುಂದೆ ಮಾನ ತೆಗೀಬೇಡ ಕಣೋ ಎಂದು ಗದರಿಸಿದೆ. ಗೋಲ್‌ಕೀಪರನೂ ಇಲ್ಲದ ಗೋಲಿನ ಮುಂದೆ ನೀನು ಕಾಲೆತ್ತಿದಾಗ ನೋವಿಗೆ ಮುಖ ಹಿಂಡಿಕೊಂಡದ್ದನ್ನು ನಾನು ನೋಡಿದೆ. ಚೆಂಡು ಹೊರಗೆ ಹೋಯಿತು. ಆರಿಸುವವರು ಅಷ್ಟು ಹೊತ್ತಿಗೇ ಛತ್ರಿ ಮಡಚಿ ಎದ್ದರು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸೋತ ಸಿಟ್ಟು, ನನ್ನ ಬಾಯಿ ಬೇರೆ ಸುಮ್ಮನಿರುವುದಲ್ಲ. ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ಕುಳಿತು, ನಮ್ಮ ಜಟ್ಟ ಹೊಸದಾಗಿ ಲಾಳ ಹೊಡೆಸಿಕೊಂಡ ಎತ್ತಿನ ಹಾಗೆ ಓಡಿದ ಎಂದೆ. ಎಲ್ಲರೂ ಅನ್ನ ನೆತ್ತಿಗೇರುವಷ್ಟು ನಕ್ಕರು. ಮರುದಿನದಿಂದ ನಿನ್ನ ಹೆಸರು ಲಾಳ ಆಯಿತು. ತರಗತಿಯಲ್ಲಿ ಹಾಜರಿ ಕೂಗುವಾಗಲೂ ಹಿಂದಿನ ಬೆಂಚಿನಿಂದ ಲಾಳ, ಲಾಳ. ವಾರ ತುಂಬುವುದರೊಳಗೆ ನೀನು ಟ್ರಂಕು ಹೊತ್ತು ಬಸ್ಸು ಹತ್ತಿದೆ. ನಿಮ್ಮ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನೀನು. ನಿಮ್ಮ ತಾಯಿ ಹೂವಮ್ಮನವರು ನನಗೆ ರೊಟ್ಟಿಗೆ ಬೆಣ್ಣೆ ಹಾಕಿಕೊಡುತ್ತಾ, ನಮ್ ಹುಡುಗನ್ನ ನೋಡ್ಕಳಪ್ಪ ಅಂದಿದ್ದರು. ಚೆನ್ನಾಗಿಯೇ ನೋಡಿಕೊಂಡೆ!

ಬಾ ಜಟ್ಟ. ನನ್ನ ಮೇಲಿನ ಸಿಟ್ಟಿಗೆ ನಿನ್ನ ಓದು ಬಿಡಬೇಡ. ಒಂದನೇ ತಾರೀಖಿನೊಳಗೆ ಬಾ. ನನ್ನ ಓದು ಮುಗಿಯಿತು, ಅಲ್ಲಿ ನನ್ನ ಮುಖ ನೋಡಬೇಕಾದ ತೊಂದರೆಯೂ ನಿನಗಿಲ್ಲ. ಬರಿಗಾಲಿನಲ್ಲಿಯೇ ಆಡು. ತಾಯಿಯವರಿಗೆ ನನ್ನ ನಮಸ್ಕಾರ ಹೇಳು, ಬೇಡವೆನಿಸಿದರೆ ಹೇಳಬೇಡ.

ನಿನ್ನ ಕ್ಷಮೆ ಕೇಳಲೂ ನಾಚುವ,
ಮಹೇಶ್ವರಪ್ಪ

ವಿ.ಸೂ. — ಇವತ್ತು ಜುಲೈ ಮೂರು. ಮೇಲಿನದನ್ನು ಬರೆದು ಹತ್ತೊಂಬತ್ತು ದಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಬೂಟಿನ ವಿಷಯ ಬಿಟ್ಟು, ಬಾ ಎಂದಷ್ಟೇ ಒಂದು ಕಾರ್ಡು ಗೀಚಿ ಹಾಕಬಹುದಿತ್ತು. ತೋಚಲಿಲ್ಲ ಎಂದರೆ ಸುಳ್ಳಾಗುತ್ತದೆ. ನೀನು ಬಂದರೆ ಎಲ್ಲ ಹೊರಗೆ ಬಂದೀತೆಂದು ಹೆದರಿದೆ. ನಿನ್ನೆ ಶಿವಮೊಗ್ಗಕ್ಕೆ ಹೋಗಿ ಮಾಸ್ತರ ಮುಂದೆ ಎಲ್ಲವನ್ನೂ ಹೇಳಿದೆ. ಪ್ರಿನ್ಸಿಪಾಲರನ್ನೂ ಕೇಳಿದೆವು, ಇನ್ನು ಆಗುವುದಿಲ್ಲ ಎಂದುಬಿಟ್ಟರು. ಮಾಸ್ತರು ಬೈಯಲಿಲ್ಲ. ಇದನ್ನ ನನಗೆ ಹೇಳಿ ಏನು ಬಂತಪ್ಪ, ಅವನಿಗೆ ಹೇಳು ಅಂದರು. ಈಗ ಈ ಕಾಗದದಿಂದ ನಿನಗೆ ಮೂರು ಕಾಸಿನ ಉಪಯೋಗವಿಲ್ಲ, ಆದರೂ ಇವತ್ತು ಹಾಕುತ್ತಿದ್ದೇನೆ. ಒಂದನೇ ತಾರೀಖು ಬೆಳಗಿನಿಂದ ಆಫೀಸು ಮುಚ್ಚುವವರೆಗೆ ಮಾಸ್ತರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ನಿನ್ನ ದಾರಿ ಕಾದರಂತೆ. ಕಾಗದ ಹಾಕಿಯಾಯಿತು ಸಾರ್ ಎಂದು ಜೂನಿನಲ್ಲೇ ನಾನು ಅವರಿಗೆ ಹೇಳಿದ್ದೆ.