ಪಾರ್ಕಿನಲ್ಲಿ ಓಡಿದ ಹುಡುಗಿ

ಬೆಳಗಿನ ನಡಿಗೆ ಸಂಘದ ಅಧ್ಯಕ್ಷರಿಗೆ,

ಕಳೆದ ಭಾನುವಾರ ಬೆಳಿಗ್ಗೆ ನಿಮ್ಮ ಖಜಾಂಚಿಯವರು, ಪಾರ್ಕಿನಲ್ಲಿ ಓಡುತ್ತಿದ್ದ ಇಸ್ತ್ರಿ ಅಂಗಡಿಯಾಕೆಯ ಮಗಳನ್ನು ಕಳ್ಳಿಯೆಂದು ಹಿಡಿದು, ಕೈಗೋಲಿನಿಂದ ಮುಖಕ್ಕೂ ಕಾಲಿಗೂ ಬಡಿದು ಮೊಣಕಾಲು ಮುರಿದರು. ನಾನು ಹತ್ತಿರ ಬರುವಷ್ಟರಲ್ಲಿ ಅವಳ ಬಾಯಿತುಂಬ ರಕ್ತ.

“ಏನ್ ಕದ್ದೆ, ಬೊಗಳೇ!”

“ಏನೂ ಇಲ್ಲ ತಾತ, ದಿನಾ ಓಡ್ಬೇಕು ಅಂತ ಶಾಲೆಗೆ ಬಂದ ಡಾಕ್ಟರಮ್ಮ ಹೇಳಿದ್ರು.”

“ನಿನ್ನ ಮುಖಕ್ಕೆ ಓಟ ಬೇರೆ ಕೇಡು!” ಎಂದು ಮತ್ತೆ ಬೀಸಿದರು.

ಆ ಡಾಕ್ಟರನ್ನು ಕಳಿಸಿದ್ದು ನಿಮ್ಮ ಸಂಘವೇ. ಈ ಪಾರ್ಕು ಬಡವರ ಮಕ್ಕಳಿಗೂ ಸೇರಿದ್ದೆಂದು ಉದ್ಘಾಟನೆಯ ದಿನ ನೀವು ಭಾಷಣ ಮಾಡಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಈಗ ಆ ಹುಡುಗಿಯ ಓಣಿಯ ಮಕ್ಕಳು ಓಡುವುದಿರಲಿ, ಮನೆಯಿಂದ ಹೊರಗೇ ಬರುತ್ತಿಲ್ಲ.

ನಾಳೆ ಪಾರ್ಕಿನ ಗೇಟಿನಲ್ಲಿ, ಎಲ್ಲರೆದುರು, ಆ ತಾಯಿಗೆ ಉತ್ತರ ಕೊಡಿ: ಅವರ ಓಣಿಯ ಮಕ್ಕಳು ಎಲ್ಲಿ ಓಡಬೇಕು?

ಇತಿ,
ಸಂಘದ ಹಳೆಯ ಸದಸ್ಯ